ಹಳೆಯ ಸೂಪರ್ ಕಾರೂ ಅದರ ಬೆಲೆಯೂ



ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಸವಕಳಿಯ ಲೆಕ್ಕವನ್ನು ಕಲಿಸುತ್ತಿದ್ದೆನು. ಯಂತ್ರವೊಂದರ ಬೆಲೆಯು ವರ್ಷಕ್ಕೆ ಶೇಕಡಾ ಇಷ್ಟರಂತೆ ಇಳಿಯುತ್ತ ಹೋದರೆ ಐದು ವರ್ಷಗಳ ತರುವಾಯ ಎಷ್ಟು ಉಳಿದೀತು ಎಂಬ ಲೆಕ್ಕ ಅದು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ನಮ್ಮ ಅಪ್ಪನ ಬೈಕು ಐದು ವರ್ಷಕ್ಕೆ ಅರ್ಧ ಬೆಲೆಗೆ ಹೋಯಿತು. ಆದರೆ ವಿಲಾಯಿತಿಯ ಹಳೆಯ ಕಾರೊಂದು ಹೊಸದಕ್ಕಿಂತ ಇಪ್ಪತ್ತು ಪಾಲು ಹೆಚ್ಚಿಗೆ ಮಾರಿತಂತೆ. ಅದಕ್ಕೆ ಯಾವ ಸೂತ್ರ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆಯು ಸರಿಯಾದುದಾಗಿತ್ತು, ಉತ್ತರವನ್ನು ಮಾತ್ರ ನಾನು ಓದಿ ತಿಳಿಯಬೇಕಾಗಿತ್ತು. ಹಾಗೆ ಓದಿ ತಿಳಿದುದನ್ನು ಇಲ್ಲಿ ಪಾಠರೂಪವಾಗಿ ಬರೆದಿದ್ದೇನೆ.

ಸೂಪರ್ ಕಾರೆಂದರೇನು?

ಜನರನ್ನೂ ಸಾಮಾನನ್ನೂ ಸಾಗಿಸುವುದು ಸಾಮಾನ್ಯ ಮೋಟಾರಿನ ಕೆಲಸ. ಸೂಪರ್ ಕಾರು ಈ ಕೆಲಸಕ್ಕಾಗಿ ಹುಟ್ಟಿದುದಲ್ಲ. ವೇಗಕ್ಕಾಗಿಯೂ ಅಂದಕ್ಕಾಗಿಯೂ ಹುಟ್ಟಿದುದು. ಇಟಲಿಯ ಲ್ಯಾಂಬೋರ್ಗಿನಿ ಕಂಪೆನಿಯು ೧೯೬೬ರಲ್ಲಿ ಜಿನೀವಾದ ಪ್ರದರ್ಶನದಲ್ಲಿಟ್ಟ ‘ಮಿಯೂರಾ’ ಎಂಬ ಗಾಡಿಯನ್ನು ಈ ವರ್ಗದ ಮೊದಲಿಗನೆಂದು ಹಲವರು ಎಣಿಸುತ್ತಾರೆ. ಅದರ ೧೨ ಸಿಲಿಂಡರುಗಳ ಇಂಜಿನು ಮುಂಭಾಗದಲ್ಲಿಲ್ಲ. ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕುಳಿತಿದೆ. ಭಾರವು ನಡುವಿಗೆ ಬಂದರೆ ಗಾಡಿಯು ತಿರುವುಗಳಲ್ಲಿ ಚುರುಕಾಗಿ ತಿರುಗುತ್ತದೆ ಎಂಬುದು ಇದರ ಮರ್ಮ.

ನಮ್ಮ ಹುಡುಗನು ಕೇಳಿದ ಕಾರು ಇಂಗ್ಲೆಂಡಿನ ‘ಮೆಕ್ಲಾರೆನ್ ಎಫ್ ೧’. ಗಾರ್ಡನ್ ಮರ್ರೆ ಎಂಬ ಶಿಲ್ಪಿಯು ಇದನ್ನು ಯೋಜಿಸಿದನು. ಚಾಲಕನ ಆಸನವು ನಟ್ಟನಡುವೆ ಇದ್ದು, ಅದರ ಇಕ್ಕೆಲಗಳಲ್ಲಿ ತುಸು ಹಿಂದಕ್ಕೆ ಇಬ್ಬರು ಕೂಡಬಹುದು. ಇಂಜಿನಿನ ಕಾವು ಹೊರಮೈಗೆ ತಾಗದಂತೆ ಅದರ ಕೋಣೆಯ ಒಳಮೈಗೆ ಚಿನ್ನದ ರೇಕು ಹಾಸಿದ್ದಾರೆ. ಶಾಖವನ್ನು ಹಿಂದಕ್ಕೆ ಪ್ರತಿಫಲಿಸುವುದರಲ್ಲಿ ಚಿನ್ನಕ್ಕೆ ಸಮಾನವಾದ ಲೋಹಗಳು ವಿರಳ. ೧೯೯೮ರಲ್ಲಿ ಈ ಕಾರು ಗಂಟೆಗೆ ೩೮೬ ಕಿಲೋಮೀಟರು ವೇಗವನ್ನು ಮುಟ್ಟಿತು. ಇಂತಹ ಒಂದು ಗಾಡಿ, ೧೯೯೫ರಲ್ಲಿ ತಯಾರಾದುದು, ೨೦೨೧ರಲ್ಲಿ ಅಮೆರಿಕದ ಪೆಬಲ್ ಬೀಚಿನ ಹರಾಜಿನಲ್ಲಿ ೨ ಕೋಟಿ ೪ ಲಕ್ಷ ೬೫ ಸಾವಿರ ಡಾಲರಿಗೆ ಹೋಯಿತು. ಅದು ಹೊಸತಾಗಿದ್ದಾಗಿನ ಬೆಲೆಗಿಂತ ಇಪ್ಪತ್ತು ಪಾಲಿಗೂ ಮಿಕ್ಕು. ಇದರ ಕಾರಣಗಳನ್ನು ಒಂದೊಂದಾಗಿ ವಿಚಾರಿಸೋಣ.

೧. ಸಂಖ್ಯೆಯೂ ಬಯಕೆಯೂ

ಮೆಕ್ಲಾರೆನ್ ಎಫ್ ೧ ಗಾಡಿಗಳು ರಸ್ತೆಯವೂ ಪಂದ್ಯದವೂ ಕೂಡಿ ತಯಾರಾದುವು ೧೦೬ ಮಾತ್ರ. ೧೯೯೮ರ ಅನಂತರ ಒಂದೂ ತಯಾರಾಗಲಿಲ್ಲ. ಬೇಡುವವರು ಹೆಚ್ಚಿದರೂ ವಸ್ತುವು ಹೆಚ್ಚದು. ಆದುದರಿಂದ ಬೆಲೆಯೇ ಏರಬೇಕು. ಅದೇ ಹೆಸರಿನ ಕಂಪೆನಿಯು ೨೦೧೧ರಲ್ಲಿ ‘೧೨ ಸಿ’ ಎಂಬ ಕಾರನ್ನು ಬ್ರಿಟನ್ನಿನಲ್ಲಿ ೧,೬೮,೫೦೦ ಪೌಂಡಿಗೆ ಮಾರಾಟಕ್ಕಿಟ್ಟಿತು. ಅದೂ ಬಲು ವೇಗದ ಗಾಡಿಯೇ. ಆದರೆ ಸಾವಿರಗಟ್ಟಲೆ ತಯಾರಾಯಿತು. ಮೂರು ವರ್ಷಗಳಲ್ಲಿ ಅದಕ್ಕಿಂತ ಸುಧಾರಿತವಾದ ಗಾಡಿಯನ್ನು ಅದೇ ಕಂಪೆನಿ ಹೊರತಂದಿತು. ಪರಿಣಾಮವೇನು? ಹಳೆಯ ೧೨ ಸಿ ಅರ್ಧಕ್ಕೂ ಕಡಮೆ ಬೆಲೆಗೆ ಇಳಿಯಿತು. ಒಂದೇ ಮನೆಯ ಇಬ್ಬರು ಮಕ್ಕಳ ಹಣೆಬರಹ ಬೇರೆಯಾದಂತೆ ಆಯಿತು.

ವಿರಳತೆಯೊಂದೇ ಸಾಲದು ಎಂಬುದಕ್ಕೂ ಉದಾಹರಣೆಯುಂಟು. ಫೆರಾರಿ ಕಂಪೆನಿಯು ತನ್ನ ೪೦ನೆಯ ವರ್ಷದ ನೆನಪಿಗೆ ೧೯೮೭ರಲ್ಲಿ ‘ಎಫ್ ೪೦’ ಕಾರನ್ನು ತಂದಿತು. ನಾನೂರು ಗಾಡಿಗಳೆಂದು ಯೋಚಿಸಿದ್ದು ಸಾವಿರದ ಮುನ್ನೂರನ್ನು ಮೀರಿತು. ಆದರೂ ಅದರ ಬೆಲೆ ಈಗ ಹೊಸತಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು. ಕಂಪೆನಿಯ ಸ್ಥಾಪಕ ಎಂಝೋ ಫೆರಾರಿಯು ೧೯೮೮ರಲ್ಲಿ ತೀರಿಕೊಳ್ಳುವ ಮುನ್ನ ಸ್ವತಃ ಒಪ್ಪಿಗೆ ಕೊಟ್ಟ ಕೊನೆಯ ಕಾರು ಅದು. ಹೀಗೆ ಕಥೆಗೂ ಬೆಲೆಯುಂಟು.

೨. ಓಡಿದ ದೂರವೂ ದೇಹಸ್ಥಿತಿಯೂ

ಪೆಬಲ್ ಬೀಚಿನಲ್ಲಿ ಮಾರಿದ ಗಾಡಿಯು ಇಪ್ಪತ್ತಾರು ವರ್ಷಗಳಲ್ಲಿ ಓಡಿದ್ದು ಸುಮಾರು ೩೯೦ ಕಿಲೋಮೀಟರು! ಕಾಸರಗೋಡಿನಿಂದ ಬೆಂಗಳೂರಿಗೆ ಹೋದಷ್ಟೇ ಎನ್ನಬಹುದು. ಸಂಗ್ರಾಹಕರು ಇದಕ್ಕೇ ಮರುಳಾಗುತ್ತಾರೆ.

ಆದರೆ ಓಡಿಸಬೇಕೆಂದು ಕೊಳ್ಳುವವನು ಇದಕ್ಕೆ ಮರುಳಾಗಬಾರದು. ನಿಂತ ಗಾಡಿಯೂ ಕೆಡುತ್ತದೆ. ರಬ್ಬರಿನ ಮುದ್ರೆಗಳು ಒಣಗಿ ಎಣ್ಣೆ ಸೋರುತ್ತದೆ; ಟಾಂಕಿಯ ಪೆಟ್ರೋಲು ಹಳಸುತ್ತದೆ; ಬ್ಯಾಟರಿ ಸಾಯುತ್ತದೆ; ಟಯರು ಗಡುಸಾಗುತ್ತದೆ. ವರ್ಷಕ್ಕೆ ಕೆಲವು ಸಾವಿರ ಕಿಲೋಮೀಟರು ಓಡಿ ಕಾಲಕಾಲಕ್ಕೆ ಆರೈಕೆ ಪಡೆದ ಗಾಡಿಯು, ಹತ್ತು ವರ್ಷ ಮುಸುಕು ಹೊದ್ದು ನಿಂತ ಗಾಡಿಗಿಂತ ಹಲವು ವೇಳೆ ಮೇಲು. ಉಪಯೋಗಿಸದ ವಿದ್ಯೆಯ ಗತಿಯೂ ಇದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

೩. ಮೂಲವೂ ದಾಖಲೆಯೂ

ಗಾಡಿಯ ಚೌಕಟ್ಟು, ಇಂಜಿನು, ಗೇರುಪೆಟ್ಟಿಗೆ ಇವುಗಳ ಮೇಲೆ ಅಂಕೆಗಳನ್ನು ಒತ್ತಿರುತ್ತಾರೆ. ಕಾರ್ಖಾನೆಯ ದಫ್ತರದಲ್ಲಿರುವ ಅಂಕೆಗಳಿಗೂ ಇವಕ್ಕೂ ತಾಳೆಯಾದರೆ ಗಾಡಿಯು ಹುಟ್ಟಿದಾಗಿನ ಅಂಗಾಂಗಗಳನ್ನೇ ಹೊಂದಿದೆ ಎಂದರ್ಥ. ಫೆರಾರಿ ಕಂಪೆನಿಯಂತೂ ಹಳೆಯ ಗಾಡಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಬೇರೆ ವಿಭಾಗವನ್ನೇ ಇಟ್ಟಿದೆ. ಆರೈಕೆಯ ಪುಸ್ತಕದಲ್ಲಿ ಪ್ರತಿ ಸಲದ ಮುದ್ರೆ, ದಿನಾಂಕ, ಓಡಿದ ದೂರ ಇರಬೇಕು. ಪುಟ ಹರಿದಿದ್ದರೆ ಬೆಲೆಯೂ ಹರಿಯುತ್ತದೆ.

ಅಪಘಾತವಾದ ಗಾಡಿಯ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ದಾಖಲೆಯು ಸ್ವಚ್ಛವಾಗಿದ್ದರೆ ಏನಾಗಬಹುದೆಂಬುದನ್ನು ನೋಡಿ. ‘ಮಿಸ್ಟರ್ ಬೀನ್’ ಪಾತ್ರದಿಂದ ನಿಮಗೆ ಪರಿಚಿತರಾದ ನಟ ರೋವನ್ ಆಟ್ಕಿನ್ಸನ್ನರು ೧೯೯೭ರಲ್ಲಿ ಒಂದು ಮೆಕ್ಲಾರೆನ್ ಎಫ್ ೧ ಕೊಂಡರು. ಅದನ್ನು ಮುಸುಕಿನಲ್ಲಿಡದೆ ಸುಮಾರು ೬೬ ಸಾವಿರ ಕಿಲೋಮೀಟರು ಓಡಿಸಿದರು. ೨೦೧೧ರಲ್ಲಿ ಅದು ಮರಕ್ಕೆ ಬಡಿದು ನುಜ್ಜುಗುಜ್ಜಾಯಿತು. ದುರಸ್ತಿಗೆ ವಿಮೆಯವರು ತೆತ್ತದ್ದು ಸುಮಾರು ೯ ಲಕ್ಷ ೧೦ ಸಾವಿರ ಪೌಂಡು ಎಂದು ಪತ್ರಿಕೆಗಳು ವರದಿಮಾಡಿದುವು. ದುರಸ್ತಿ ಮಾಡಿದವರು ತಯಾರಿಸಿದವರೇ, ಏನೂ ಮುಚ್ಚುಮರೆಯಿರಲಿಲ್ಲ. ೨೦೧೫ರಲ್ಲಿ ಆ ಗಾಡಿಯು ಸುಮಾರು ೮೦ ಲಕ್ಷ ಪೌಂಡಿಗೆ ಮಾರಿತು. ಬಚ್ಚಿಟ್ಟ ಸಣ್ಣ ಗಾಯಕ್ಕಿಂತ ಒಪ್ಪಿಕೊಂಡ ದೊಡ್ಡ ಗಾಯವೇ ಮೇಲೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

೪. ಸಾಕುವ ಖರ್ಚು

ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ. ಫೆರಾರಿಯ ‘ಎಫ್ ೩೫೫’ ೧೯೯೪ರಿಂದ ೧೯೯೯ರವರೆಗೆ ತಯಾರಾದ ಗಾಡಿ. ಅದರ ಇಂಜಿನಿನ ಕವಾಟಗಳನ್ನು ಕಾಲಕ್ಕೆ ಸರಿಯಾಗಿ ತೆರೆಯಿಸಿ ಮುಚ್ಚಿಸುವುದು ಹಲ್ಲುಳ್ಳ ರಬ್ಬರಿನ ಬೆಲ್ಟು. ಗಾಡಿ ಓಡಲಿ ಓಡದಿರಲಿ, ಮೂರರಿಂದ ಐದು ವರ್ಷಗಳಿಗೊಮ್ಮೆ ಅದನ್ನು ಬದಲಿಸಬೇಕು. ಬದಲಿಸಲು ಇಡೀ ಇಂಜಿನನ್ನು ಗಾಡಿಯಿಂದ ಕೆಳಗಿಳಿಸಬೇಕು. ಉಳಿತಾಯವೆಂದು ಬಿಟ್ಟರೆ ಬೆಲ್ಟು ತುಂಡಾಗಿ ಕವಾಟಗಳು ಪಿಸ್ಟನ್ನಿಗೆ ಬಡಿದು ಇಂಜಿನೇ ಹಾಳಾಗುತ್ತದೆ. ಆದುದರಿಂದ ಬೆಲ್ಟು ಬದಲಿಸುವ ಕಾಲ ಸಮೀಪಿಸಿದ ಗಾಡಿಯು ಅಗ್ಗವಾಗಿ ಕಂಡರೆ ಅದು ಅಗ್ಗವಲ್ಲ. ಖರ್ಚು ಮುಂದಕ್ಕೆ ಹೋಗಿದೆ, ಅಷ್ಟೆ.

ಟಯರಿನ ವಿಷಯವು ಹಣದ್ದಲ್ಲ, ಪ್ರಾಣದ್ದು. ೨೦೧೩ರ ನವೆಂಬರ್ ೩೦ರಂದು ಕ್ಯಾಲಿಫೋರ್ನಿಯಾದಲ್ಲಿ ಪೋರ್ಶೆ ಕಂಪೆನಿಯ ‘ಕರೇರಾ ಜಿಟಿ’ ಅಪಘಾತಕ್ಕೀಡಾಗಿ ನಟ ಪಾಲ್ ವಾಕರನೂ ಅದನ್ನು ನಡೆಸುತ್ತಿದ್ದ ಮಿತ್ರನೂ ಮಡಿದರು. ಮಿತಿಮೀರಿದ ವೇಗವೇ ಕಾರಣವೆಂದು ತನಿಖೆ ಹೇಳಿತು. ಟಯರುಗಳು ಒಂಬತ್ತು ವರ್ಷ ಹಳೆಯವಾಗಿದ್ದುವೆಂದೂ ದಾಖಲಿಸಿತು. ಟಯರಿನ ಮೇಲಿನ ಗೆರೆಗಳು ಆಳವಾಗಿದ್ದ ಮಾತ್ರಕ್ಕೆ ಅದು ಒಳ್ಳೆಯದೆನ್ನಲಾಗದು. ಅದರ ಪಕ್ಕದಲ್ಲಿ ಒತ್ತಿದ ಅಂಕೆಗಳ ಕೊನೆಯ ನಾಲ್ಕನ್ನು ಓದಿರಿ: ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ‘೨೩೧೯’ ಎಂದಿದ್ದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದುದೆಂದು ತಿಳಿಯತಕ್ಕದ್ದು.

೫. ಇತರ ಕಾರಣಗಳು

ಕೈಯಿಂದ ಗೇರು ಹಾಕುವ ಗಾಡಿಗಳು ಈಗ ವಿರಳವಾದುದರಿಂದ, ಒಂದೇ ಮಾದರಿಯಲ್ಲಿ ಅಂಥವಕ್ಕೆ ಬೆಲೆ ಹೆಚ್ಚು. ಲ್ಯಾಂಬೋರ್ಗಿನಿಯ ‘ಮುರ್ಸಿಯೆಲಾಗೊ’ ಇದಕ್ಕೆ ನಿದರ್ಶನ. ಬಣ್ಣ, ಹಿಂದಿನ ಒಡೆಯರ ಸಂಖ್ಯೆ, ದೇಶದ ಸುಂಕ ಇವೂ ಲೆಕ್ಕಕ್ಕೆ ಬರುತ್ತವೆ. ಜಾಣನು ಮೊದಲು ದಾಖಲೆಗಳನ್ನು ನೋಡುತ್ತಾನೆ. ಅನಂತರ ಮಾರುವವನಿಗೆ ಸಂಬಂಧಪಡದ ನಿಪುಣನಿಂದ ಗಾಡಿಯನ್ನು ಎತ್ತಿಸಿ ಅಡಿಯನ್ನೂ, ಸಿಲಿಂಡರುಗಳ ಒತ್ತಡವನ್ನೂ ಪರೀಕ್ಷೆ ಮಾಡಿಸುತ್ತಾನೆ. ಕೊನೆಗೆ ಓಡಿಸಿ ನೋಡುತ್ತಾನೆ. ಹಣದ ಮಾತು ಆಮೇಲೆ.

ನಮಗೆ ಇದರಿಂದೇನು?

“ನಮ್ಮಲ್ಲಿ ಯಾರು ಇಂಥ ಕಾರು ಕೊಳ್ಳುತ್ತಾರೆ?” ಎಂದು ಪೋಷಕರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ, ಹೆಂಡತಿಯ ಬಳೆಗಳನ್ನು ಅಡವಿಟ್ಟು, ಗಡಿಯಾಚೆಯಿಂದ ಹಳೆಯ ಸಾಮಾನಿನ ಆಟೋ ಒಂದನ್ನು ಕೊಂಡು ತಂದರು. ಹೊಸ ಬಣ್ಣ ಮಿರುಗುತ್ತಿತ್ತು. ಮೀಟರು ನಲವತ್ತು ಸಾವಿರ ತೋರಿಸುತ್ತಿತ್ತು. ಮೂರು ತಿಂಗಳಿಗೆ ಇಂಜಿನು ಬಿಚ್ಚಬೇಕಾಯಿತು. ಬಿಚ್ಚಿದ ಮೆಕ್ಯಾನಿಕನು, ಇದು ಲಕ್ಷ ದಾಟಿದ ಗಾಡಿಯೆಂದನು. ಹೆಸರು ಬದಲಿಸಲು ಹೋದಾಗ ಹಿಂದಿನ ಒಡೆಯನ ಸಾಲವು ನೋಂದಣಿ ಪತ್ರದಲ್ಲಿ ಹಾಗೆಯೇ ಉಳಿದಿತ್ತು. ಆ ಬಾಲಿಕೆ ಎರಡು ತಿಂಗಳು ಶಾಲೆಗೆ ಬರಲಿಲ್ಲ. ನಾನು ಮನೆಗೆ ಹೋದಾಗ ತಾಯಿಯೊಡನೆ ಬೀಡಿ ಕಟ್ಟುತ್ತಿದ್ದಳು. ಆ ತಂದೆ ನನ್ನೊಡನೆ, “ಮಾಷ್ಟ್ರೇ, ಕಾಗದ ಓದುವವರನ್ನು ಒಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು” ಎಂದರು. ನಮ್ಮ ಸಂಸ್ಥೆಯ ಕೆಲವರು ಸೇರಿ ನೆರವಾದುದರಿಂದ ಬಾಲಿಕೆ ಮರಳಿ ಬಂದಳು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಕಾಗದ ಓದಲು ಬಲ್ಲ ಮಗಳು ಅವರ ಮನೆಯಲ್ಲಿಯೇ ಇದ್ದಳು. ಏನನ್ನು ಓದಬೇಕೆಂದು ನಾವು ಅವಳಿಗೆ ಕಲಿಸಿರಲಿಲ್ಲ.

ಆದುದರಿಂದ ಗಡಿನಾಡಿನವರು ಇಷ್ಟನ್ನು ನೆನಪಿನಲ್ಲಿಡಬೇಕು. ನೋಂದಣಿ ಪತ್ರದ ಚೌಕಟ್ಟಿನ ಅಂಕೆ, ಇಂಜಿನಿನ ಅಂಕೆಗಳನ್ನು ಗಾಡಿಯ ಮೇಲಿನವುಗಳೊಡನೆ ತಾಳೆನೋಡಿರಿ. ಸಾಲವಿದ್ದರೆ ಅದು ತೀರಿದುದಕ್ಕೆ ೩೫ನೆಯ ನಮೂನೆಯೂ, ಒಡೆತನದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳೂ ಬೇಕು. ಗಾಡಿಯು ಬೇರೆ ರಾಜ್ಯದ್ದಾದರೆ ಅಲ್ಲಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರವನ್ನು ೨೮ನೆಯ ನಮೂನೆಯಲ್ಲಿ ಪಡೆಯಬೇಕು. ಹನ್ನೆರಡು ತಿಂಗಳಿಗೆ ಮಿಕ್ಕಿ ಇಲ್ಲಿ ಇರಿಸಿಕೊಳ್ಳುವುದಾದರೆ ಇಲ್ಲಿನ ನೋಂದಣಿ ಅಂಕೆಯನ್ನು ಪಡೆಯಬೇಕೆಂಬುದು ಕಾನೂನು. ಮೀಟರನ್ನು ನಂಬುವ ಮೊದಲು ಪೆಡಲಿನ ಸವೆತವನ್ನೂ ಆಸನದ ಸವೆತವನ್ನೂ ನೋಡಿರಿ. ಮೀಟರನ್ನು ತಿರುಗಿಸಿದವರು ಅವುಗಳನ್ನು ಸಾಮಾನ್ಯವಾಗಿ ಮರೆತಿರುತ್ತಾರೆ.

ಕೊನೆಯದಾಗಿ ಒಂದು ಸಂಗತಿ. ೨೦೨೨ರ ಮೇ ೫ರಂದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ೧೯೫೫ರ ಮರ್ಸಿಡಿಸ್ ಬೆಂಝ್ ಗಾಡಿಯೊಂದು ೧೩ ಕೋಟಿ ೫೦ ಲಕ್ಷ ಯೂರೋಗಳಿಗೆ ಮಾರಿತು. ಅಂಥವು ಲೋಕದಲ್ಲಿ ಎರಡೇ. ಆ ಹಣದಿಂದ ಕಂಪೆನಿಯು ಯುವಜನರ ವಿದ್ಯಾಭ್ಯಾಸಕ್ಕೂ ಸಂಶೋಧನೆಗೂ ವಿದ್ಯಾರ್ಥಿವೇತನದ ನಿಧಿಯನ್ನು ಸ್ಥಾಪಿಸಿತು. ಹಳೆಯ ಕಾರಿಗೆ ಅಷ್ಟು ಬೆಲೆ ತೆರುವುದು ಸರಿಯೇ ಎಂಬ ಚರ್ಚೆ ಹೇಗೂ ಇರಲಿ. ಆ ಬೆಲೆಯು ಸೇರಿದ ಸ್ಥಳ ಸರಿಯಾದುದು.

ಅಭ್ಯಾಸ

(೧) ಎಫ್ ೧ ಮತ್ತು ೧೨ ಸಿ ಒಂದೇ ಹೆಸರಿನ ಕಂಪೆನಿಯವಾದರೂ ಅವುಗಳ ಬೆಲೆ ವಿರುದ್ಧ ದಿಕ್ಕಿಗೆ ಹೋದುದೇಕೆ?
(೨) ಆಟ್ಕಿನ್ಸನ್ನರ ಗಾಡಿಯ ದುರಸ್ತಿಯ ಖರ್ಚು ಅದರ ಮಾರಾಟದ ಬೆಲೆಯ ಶೇಕಡಾ ಎಷ್ಟು?
(೩) ನಿಮ್ಮ ಊರಿನ ಬಸ್ಸಿನ ಅಥವಾ ಮನೆಯ ವಾಹನದ ಟಯರಿನ ಅಂಕೆಗಳನ್ನು ಓದಿ, ಅದರ ವಯಸ್ಸನ್ನು ಲೆಕ್ಕಹಾಕಿರಿ.
(೪) ಮನೆಯಲ್ಲಿ ವಾಹನವಿದ್ದರೆ ಅದರ ನೋಂದಣಿ ಪತ್ರವನ್ನು ತಂದೆತಾಯಿಯರಿಗೆ ಓದಿ ಹೇಳಿರಿ.