ಜ್ವರಕ್ಕೆ ಗುಳಿಗೆ ಕೊಡುವ ಮುನ್ನ

ತಂಗಿ, ಕೂಸಿನ ಮೈ ಸುಡುತ್ತಿದೆ ಎಂದ ಕೂಡಲೇ ನಿನ್ನ ಕೈ ಹೋಗುವುದು ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಔಷಧದ ಕಡೆಗೆ. ನಮ್ಮ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಹೀಗೆ ಮಾಡುವವಳು ನೀನೊಬ್ಬಳೇ ಅಲ್ಲ. ಆದರೆ ಆ ಔಷಧ ಯಾವುದನ್ನು ಕೊಲ್ಲುತ್ತದೆ, ಯಾವುದರ ಮುಂದೆ ಸೋಲುತ್ತದೆ ಎಂಬುದನ್ನು ಸಮಾಧಾನದಿಂದ ಕೇಳು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿತ್ತು. ಅದರ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ್ದ ಲಸಿಕೆಯನ್ನು ಈ ಊರಿನ ಸಾವಿರಾರು ಜನ ಚುಚ್ಚಿಸಿಕೊಂಡರು. ಪ್ಲೇಗ್ ತರುವುದು ಒಂದು ಬ್ಯಾಕ್ಟೀರಿಯಾ. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದರೂ ಪೂರ್ತಿ ಜೀವಕೋಶ. ಸುತ್ತ ಗೋಡೆಯಿದೆ, ಒಳಗೆ ಪ್ರೋಟೀನು ತಯಾರಿಸುವ ರೈಬೋಸೋಮುಗಳಿವೆ, ಸುಮಾರು ನಾಲ್ಕು ಸಾವಿರ ಜೀನುಗಳಿರುವ ಸ್ವಂತ ಡಿಎನ್‌ಎ ಇದೆ. ತಾನೇ ಉಂಡು ಬೆಳೆದು ಎರಡಾಗಿ ಒಡೆಯುತ್ತದೆ. ಆಂಟಿಬಯೋಟಿಕ್ ಹೊಡೆಯುವುದು ಇಂಥ ಅಂಗಗಳನ್ನೇ. ಪೆನಿಸಿಲಿನ್ ಗೋಡೆ ಕಟ್ಟಲು ಬಿಡುವುದಿಲ್ಲ. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ರೈಬೋಸೋಮಿನ ಕೆಲಸ ಕೆಡಿಸುತ್ತದೆ. ಅದು ಆ ಪ್ಲೇಗಿನ ಕಾಲದಲ್ಲೇ ನಮ್ಮ ಹಿರಿಯರ ಕೈಗೆ ಸಿಕ್ಕಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ!

ಈಗ ಮಳೆಗಾಲ ಬಂದರೆ ನಾವು ಹೆದರುವ ಡೆಂಗಿಯನ್ನು ನೋಡು. ಅದನ್ನು ತರುವುದು ವೈರಸ್ಸು. ಅದಕ್ಕೆ ಗೋಡೆಯೂ ಇಲ್ಲ, ರೈಬೋಸೋಮೂ ಇಲ್ಲ, ಉಣ್ಣುವುದು ಬೆಳೆಯುವುದು ಯಾವುದೂ ಇಲ್ಲ. ನಡುವೆ ಒಂದೆಳೆಯ ಆರ್‌ಎನ್‌ಎ, ಅದಕ್ಕೊಂದು ಪ್ರೋಟೀನಿನ ಕವಚ, ಅದರ ಮೇಲೆ ನಮ್ಮದೇ ಜೀವಕೋಶದಿಂದ ಹೊದ್ದುಕೊಂಡು ಬಂದ ಕೊಬ್ಬಿನ ಪೊರೆ, ಪೊರೆಯಲ್ಲಿ ನಾಟಿಕೊಂಡ ಪ್ರೋಟೀನುಗಳು. ಇಷ್ಟೇ ಅದರ ಸಂಸಾರ. ಆ ಎಳೆಯಲ್ಲಿರುವುದು ಹತ್ತೇ ಹತ್ತು ಪ್ರೋಟೀನುಗಳ ಮಾಹಿತಿ. ಎಲ್ಲ ವೈರಸ್ಸಿಗೂ ಈ ಹೊರಪೊರೆ ಇರುವುದಿಲ್ಲ, ಪೋಲಿಯೋದ್ದಕ್ಕೆ ಇಲ್ಲ. ಕೆಲವುಗಳಲ್ಲಿ ಆರ್‌ಎನ್‌ಎ ಬದಲು ಡಿಎನ್‌ಎ ಇರುತ್ತದೆ. ಡೆಂಗಿ ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಅದು ಜೋಳದ ಕಾಳಿನಷ್ಟಿದೆ ಎಂದುಕೊಂಡರೆ ಪ್ಲೇಗಿನ ಬ್ಯಾಕ್ಟೀರಿಯಾ ತೆಂಗಿನಕಾಯಿಯಷ್ಟು ದೊಡ್ಡದು.

ಇಂಥದ್ದು ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮ ರೈಬೋಸೋಮುಗಳಿಂದಲೇ ತನ್ನ ಪ್ರೋಟೀನು ಮಾಡಿಸಿಕೊಂಡು ಹೆಚ್ಚುತ್ತದೆ. ಹಾಗಿರುವಾಗ ಗೋಡೆ ಒಡೆಯುವ ಔಷಧ ಅಲ್ಲಿ ಏನನ್ನು ಒಡೆಯಬೇಕು ಹೇಳು? ಎಚ್‌ಐವಿ, ಹೆಪಟೈಟಿಸ್ ಸಿ ಮುಂತಾದ ಕೆಲವು ವೈರಸ್ಸುಗಳಿಗೆ ಬೇರೆಯದೇ ಔಷಧಗಳು ಬಂದಿವೆ. ಡೆಂಗಿಗೆ ಬಂದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯೂ ವೈರಸ್ಸಿನದೇ, ಅದಕ್ಕೂ ಇಲ್ಲ.

ಇದನ್ನು ಕೇಳಿ ಆಂಟಿಬಯೋಟಿಕ್ಕೇ ಬೇಡ ಎಂದುಕೊಳ್ಳಬೇಡ. ಟೈಫಾಯ್ಡ್ ಬ್ಯಾಕ್ಟೀರಿಯಾದ ಜ್ವರ. ಅದಕ್ಕೆ ಆ ಔಷಧ ಬೇಕೇ ಬೇಕು, ಡಾಕ್ಟರು ಬರೆದಷ್ಟು ದಿನ ಪೂರ್ತಿ ಬೇಕು. ಹಣೆ ಮುಟ್ಟಿ ನೋಡಿದರೆ ಡೆಂಗಿ, ಟೈಫಾಯ್ಡ್ ಎರಡೂ ಒಂದೇ ತೆರ. ಬೇರೆ ಮಾಡಿ ಹೇಳುವುದು ರಕ್ತಪರೀಕ್ಷೆ. ನಾನು ಒತ್ತಿ ಹೇಳುವ ಮಾತು ಇಲ್ಲಿದೆ. ನೀನು ಮನೆಯಲ್ಲೇ ಒಂದೆರಡು ಡೋಸು ಕೊಟ್ಟುಬಿಟ್ಟರೆ, ಆಮೇಲೆ ರಕ್ತದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಅದು ಸಿಗದೇ ಹೋಗಬಹುದು. ರೋಗ ಒಳಗೇ ಉಳಿಯುತ್ತದೆ, ಕಾಗದದ ಮೇಲೆ ಮಾತ್ರ ಇಲ್ಲವೆಂದು ಬರುತ್ತದೆ. ಅಲ್ಲದೆ ಅರ್ಧಂಬರ್ಧ ಔಷಧ ತಿಂದು ಬದುಕಿದ ಬ್ಯಾಕ್ಟೀರಿಯಾಗಳೇ ಮುಂದೆ ಆ ಔಷಧಕ್ಕೆ ಬಗ್ಗದ ಪೀಳಿಗೆಯಾಗಬಹುದು.

ಇನ್ನು ಡೆಂಗಿ ಬಾರದಂತೆ ತಡೆಯುವ ಮಾತು. ಎಷ್ಟೋ ದಿನಕ್ಕೊಮ್ಮೆ ಬರುವ ನಳದ ನೀರನ್ನು ಬ್ಯಾರಲ್ಲಿನಲ್ಲಿ ಹಿಡಿದಿಡದೆ ನಮಗೆ ಗತಿಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ. ಬ್ಯಾರಲ್ಲಿಗೆ ಬಿಗಿಯಾಗಿ ಅರಿವೆ ಕಟ್ಟು. ವಾರಕ್ಕೊಮ್ಮೆ ಬರಿದು ಮಾಡಿ ಒಳಬದಿಯನ್ನು ಗಸಗಸ ತಿಕ್ಕು. ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಜ್ವರ ಬಂದರೆ ಕೂಸಿನ ತೂಕಕ್ಕೆ ತಕ್ಕಂತೆ ಡಾಕ್ಟರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡು, ನೀರು ಗಂಜಿ ಕುಡಿಸು. ಆಸ್ಪಿರಿನ್, ಐಬುಪ್ರೊಫೇನ್ ಬೇಡ, ಡೆಂಗಿಯಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯಿತೆಂದು ಮೈಮರೆಯಬೇಡ, ಡೆಂಗಿ ಕೆರಳುವುದು ಹೆಚ್ಚಾಗಿ ಆಗಲೇ. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಕೂಸು ಮಂಕಾಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ವಿದ್ಯಾನಗರದಲ್ಲಿ ನಾವು ಕಿಮ್ಸ್ ಎಂದು ಕರೆಯುವ ದವಾಖಾನೆಗೆ ಎತ್ತಿಕೊಂಡು ನಡೆ.