ಝಕಾತ್ ಪಟ್ಟಿಯನ್ನು ಯಾರು ನೋಡಬೇಕು?

ಒಬ್ಬಾತ ಪ್ರವಾದಿವರ್ಯರ(ಸ) ಮನೆಯ ಬಾಗಿಲ ರಂಧ್ರದಿಂದ ಒಳಗೆ ಇಣುಕಿದ. ಆಗ ಅವರ ಕೈಯಲ್ಲಿ ತಲೆ ಬಾಚುವ ಬಾಚಣಿಗೆಯಿತ್ತು. ಆತ ಇಣುಕುತ್ತಿರುವುದು ಮೊದಲೇ ತಿಳಿದಿದ್ದರೆ ಅದರಿಂದಲೇ ಕಣ್ಣಿಗೆ ಚುಚ್ಚುತ್ತಿದ್ದೆನೆಂದು ಅವರು ಕಟುವಾಗಿ ಎಚ್ಚರಿಸಿದರು. ಅನುಮತಿ ಕೇಳಬೇಕೆಂಬ ನಿಯಮ ಬಂದಿರುವುದೇ ದೃಷ್ಟಿಯ ಕಾರಣದಿಂದ ಎಂದೂ ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಸಹ್ಲ್ ಬಿನ್ ಸಅದ್(ರ)ರಿಂದ ವರದಿಯಾಗಿರುವ ಘಟನೆಯಿದು.

ಇಣುಕಿದವನು ಏನನ್ನೂ ಕದ್ದಿರಲಿಲ್ಲ, ಏನನ್ನೂ ಮುಟ್ಟಿರಲಿಲ್ಲ. ಬರೀ ನೋಡಿದ್ದ, ಅಷ್ಟೇ. ಆ ನೋಟವೇ ಅತಿಕ್ರಮವೆನಿಸಿತು. ನಮ್ಮ ಜಮಾಅತ್‌ಗಳ ಹೊಣೆ ಹೊತ್ತವರು ಇಂದು ಈ ಹದೀಸನ್ನು ಇನ್ನೊಮ್ಮೆ ಓದಬೇಕಾಗಿದೆ. ಏಕೆಂದರೆ ಹಿಂದೆ ಖಜಾಂಚಿಯ ಕಪಾಟಿನಲ್ಲಿರುತ್ತಿದ್ದ ಕೆಂಪು ರಟ್ಟಿನ ಪುಸ್ತಕ ಈಗ ಗೂಗಲ್ ಶೀಟ್ ಆಗಿದೆ. ಹದಿನೈದು ಮಂದಿಯ ಮೊಬೈಲಿನಲ್ಲಿ ಅದು ತೆರೆದುಕೊಳ್ಳುತ್ತದೆ. ಇಷ್ಟು ಜನರಿಗೆ ಏಕೆ ಕೊಟ್ಟಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಅವರೆಲ್ಲ ಬರೀ ನೋಡುತ್ತಾರೆ, ತಿದ್ದಲು ಬರುವುದಿಲ್ಲ.'

ಬರೆದಿಡುವುದು ತಪ್ಪೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆಜ್ಞಾಪಿಸುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಲೆಕ್ಕವಿಲ್ಲದ ಝಕಾತ್ ವಿತರಣೆಯಲ್ಲಿ ಒಬ್ಬರಿಗೆ ಎರಡು ಬಾರಿ ಹೋಗಿ ಮತ್ತೊಬ್ಬರ ಮನೆ ಬಿಟ್ಟುಹೋಗುತ್ತದೆ. ಹಲವರು ಒಟ್ಟಿಗೆ ಕೆಲಸ ಮಾಡಲು ಹಂಚಿಕೊಂಡ ಶೀಟ್ ಬಹಳ ಅನುಕೂಲವೂ ಹೌದು. ಪ್ರಶ್ನೆ ಇರುವುದು ಆ ಶೀಟಿನ ಯಾವ ಕಾಲಂ ಯಾರ ಕಣ್ಣಿಗೆ ಬೀಳಬೇಕು ಎಂಬಲ್ಲಿ.

ಬೇಗೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ಬಸ್ಸಿನಿಂದ ಇಳಿದವರು ಯಾರ ಮನೆಗೆ ಹೋಗುತ್ತಿದ್ದಾರೆಂದು ಚಹದಂಗಡಿಯಲ್ಲಿ ಕುಳಿತವರೇ ಹೇಳಬಲ್ಲಷ್ಟು ಪರಿಚಯದ ಊರು. ಇಂಥ ಊರಿನ ಒಂದು ಝಕಾತ್ ಪಟ್ಟಿಯಲ್ಲಿ ಏನೇನಿರಬಹುದೆಂದು ಊಹಿಸಿ ನೋಡಿ. ಹೆಸರು, ಮೊಬೈಲ್ ನಂಬರು, ಆಧಾರ್, ಬ್ಯಾಂಕ್ ಖಾತೆ. ಅದರ ಪಕ್ಕದಲ್ಲಿ 'ಷರಾ' ಎಂಬ ಕಾಲಂ. ಅಪಾಯವೆಲ್ಲ ಅಲ್ಲಿಯೇ ಇದೆ. 'ಗಂಡ ಬಿಟ್ಟು ಹೋಗಿದ್ದಾನೆ.' 'ಮಗನಿಗೆ ಫಿಟ್ಸ್, ತಿಂಗಳಿಗೆ ಔಷಧ.' 'ಬಡ್ಡಿ ಸಾಲದಲ್ಲಿದ್ದಾರೆ, ಅಂಗಡಿ ಅಡವಿಟ್ಟಿದ್ದಾರೆ.' ತನಿಖೆಗೆ ಹೋದವರು ಒಳ್ಳೆಯ ಉದ್ದೇಶದಿಂದಲೇ ಬರೆದಿರುತ್ತಾರೆ. ಆದರೆ ಆ ಮನೆಯ ಹುಡುಗಿಗೆ ಗುಂಡ್ಲುಪೇಟೆಯ ಕಡೆಯಿಂದ ಸಂಬಂಧ ಬಂದು, ಹುಡುಗನ ಚಿಕ್ಕಪ್ಪನೂ ಆ ಹದಿನೈದು ಮಂದಿಯಲ್ಲಿ ಒಬ್ಬನಾಗಿದ್ದರೆ? ಆತ ಯಾರಿಗೂ ಏನೂ ಹೇಳಬೇಕಾಗಿಲ್ಲ. ಸಂಬಂಧ ಸುಮ್ಮನೆ ನಿಂತುಹೋಗುತ್ತದೆ. ಕಾರಣವೇನೆಂದು ಆ ತಾಯಿಗೆ ಎಂದೂ ತಿಳಿಯುವುದಿಲ್ಲ.

ಇನ್ನೊಂದು ನಷ್ಟವೂ ಇದೆ. ಅಲ್‌ಬಕರದ 273ನೇ ಸೂಕ್ತವು ಒಂದು ಬಗೆಯ ಬಡವರನ್ನು ವಿಶೇಷವಾಗಿ ನೆನಪಿಸುತ್ತದೆ. ಅವರು ಸ್ವಾಭಿಮಾನದಿಂದಿರುವ ಕಾರಣ, ಅರಿಯದವರು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಅವರು ಜನರನ್ನು ಕಾಡಿ ಬೇಡುವವರಲ್ಲ. ಪಟ್ಟಿ ಊರಲ್ಲಿ ಓಡಾಡುತ್ತಿದೆ ಎಂಬ ಸುದ್ದಿ ಹಬ್ಬಿದ ದಿನ ಮೊದಲು ಹಿಂದೆ ಸರಿಯುವವರು ಇವರೇ. 'ಭಾಯ್, ನನ್ನ ಹೆಸರು ತೆಗೆದುಬಿಡಿ, ಹೇಗೋ ಆಗುತ್ತದೆ' ಎಂದುಬಿಡುತ್ತಾರೆ. ಕೊನೆಗೆ ಪಟ್ಟಿಯಲ್ಲಿ ಉಳಿಯುವವರು ಕೇಳಲು ಸಂಕೋಚವಿಲ್ಲದವರು ಮಾತ್ರ. ಹಕ್ಕುದಾರರನ್ನು ಹುಡುಕಲೆಂದು ಮಾಡಿದ ಪಟ್ಟಿಯೇ ಹಕ್ಕುದಾರರನ್ನು ಓಡಿಸಿದಂತಾಗುತ್ತದೆ.

ಹೆಸರಿನ ಕಾಲಂ ಅಳಿಸಿದರೆ ಸಾಕಲ್ಲವೇ ಎನ್ನಬಹುದು. ಬೆಂಗಳೂರಿನಲ್ಲಿ ಒಂದಿಷ್ಟು ಸಾಕಾದೀತು, ಬೇಗೂರಿನಲ್ಲಿ ಸಾಲದು. 'ವಿಧವೆ, ಹೊಲಿಗೆ ಕೆಲಸ, ಮೂವರು ಹೆಣ್ಣುಮಕ್ಕಳು' ಎಂದು ಬರೆದರೆ ಆ ಖಾಲಾ ಯಾರೆಂದು ಓದಿದವನಿಗೆ ಕೂಡಲೇ ಗೊತ್ತಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲಿಟ್ಟಾಗ ಕರ್ನಾಟಕ ಸರ್ಕಾರ ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿತು. ಅದು ವಾಟ್ಸ್‌ಆ್ಯಪ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಮನೆ ನಂಬರು, ರಸ್ತೆ ಸಿಕ್ಕಿದ ಮೇಲೆ ನೆರೆಯವರಿಗೆ ಮತ್ತೇನೂ ಬೇಕಿರಲಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತು ಆಗ ಮೂರು ವರ್ಷವೂ ತುಂಬಿರಲಿಲ್ಲ. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೂ ಮಾಡಿದೆ. ಆದರೆ ವಿಶ್ವಾಸಿಗೆ ಇದು ಅದಕ್ಕೂ ಮೊದಲಿನಿಂದಲೇ ಅಮಾನತ್‌ನ ವಿಷಯ. ಮಾತಾಡುವಾತ ಸುತ್ತ ಒಮ್ಮೆ ಕಣ್ಣಾಡಿಸಿ ಮಾತಾಡಿದನೆಂದರೆ ಆ ಮಾತೇ ಅಮಾನತ್ ಎಂಬ ಆಶಯದ ಹದೀಸ್ ಅಬೂದಾವೂದ್, ತಿರ್ಮಿದಿಗಳಲ್ಲಿದೆ. ತನಿಖೆಗೆ ಬಂದವರ ಮುಂದೆ ತನ್ನ ಕಷ್ಟ ಹೇಳಿಕೊಳ್ಳುವ ಹೆಂಗಸು ಎಷ್ಟು ಬಾರಿ ಬಾಗಿಲ ಕಡೆ ನೋಡುತ್ತಾಳೆ!

ಮರೆಮಾಡಿದ್ದು ಮರೆಯಾಗದು

ಶೀಟನ್ನು ನಿರ್ವಹಿಸುವ ಯುವಕರು ಸಾಮಾನ್ಯವಾಗಿ ಮೂರು ಉಪಾಯ ಮಾಡುತ್ತಾರೆ. ಮೂರೂ ಈ ಕೆಲಸಕ್ಕೆ ಒದಗುವುದಿಲ್ಲ.

ಕೆಲವರು ಕಾಲಂ ಅಥವಾ ಹಾಳೆಯನ್ನು 'ಹೈಡ್' ಮಾಡುತ್ತಾರೆ. ತಿದ್ದುವ ಅನುಮತಿ ಇರುವವನು ಅದನ್ನು ಒಂದೇ ಕ್ಷಣದಲ್ಲಿ ತೆರೆಯಬಲ್ಲ. ನೋಡುವ ಅನುಮತಿ ಮಾತ್ರ ಇರುವವನು ಫೈಲಿನ ನಕಲು ಮಾಡಿಕೊಂಡರೆ ಆ ನಕಲಿಗೆ ಅವನೇ ಒಡೆಯ. ಅಲ್ಲಿ ಅವನು ಎಲ್ಲವನ್ನೂ ತೆರೆದು ನೋಡಬಹುದು. ನಕಲು, ಡೌನ್‌ಲೋಡ್, ಮುದ್ರಣಗಳನ್ನು ನೋಡುಗರಿಗೆ ತಡೆಯುವ ಆಯ್ಕೆ ಶೇರ್ ಸೆಟ್ಟಿಂಗ್‌ನಲ್ಲಿದೆ, ಅದನ್ನು ಬಳಸಬೇಕು. ಆದರೆ ಪರದೆಯ ಫೋಟೋ ತೆಗೆಯುವುದನ್ನು ಅದು ತಡೆಯಲಾರದು.

ಇನ್ನು ಕೆಲವರು 'ಪ್ರೊಟೆಕ್ಟ್' ಮಾಡಿ ನಿಶ್ಚಿಂತರಾಗುತ್ತಾರೆ. ಇದು ಗಾಜಿನ ಕಪಾಟಿಗೆ ಬೀಗ ಹಾಕಿದಂತೆ. ಒಳಗಿನದನ್ನು ಬದಲಿಸಲಾಗದು, ಆದರೆ ಎಲ್ಲವೂ ಕಾಣುತ್ತದೆ. ಇದನ್ನು ಭದ್ರತೆಯ ಕ್ರಮವೆಂದು ಬಳಸಬಾರದೆಂದು ಗೂಗಲ್ ತಾನೇ ತನ್ನ ಸಹಾಯ ಪುಟದಲ್ಲಿ ತಿಳಿಸಿದೆ. ಎಕ್ಸೆಲ್‌ನಲ್ಲಿ ಹಾಳೆಗೆ ಹಾಕುವ ರಕ್ಷಣೆಯೂ ಇದೇ ಬಗೆಯದು. ಎಕ್ಸೆಲ್‌ನಲ್ಲಿ ನಿಜವಾದ ಬೀಗವೆಂದರೆ ಇಡೀ ಫೈಲನ್ನು ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಮಾಡುವುದು. ಆ ಪಾಸ್‌ವರ್ಡನ್ನೂ ಫೈಲಿನ ಜೊತೆಗೇ ಗ್ರೂಪಿಗೆ ಹಾಕುವ ಪುಣ್ಯಾತ್ಮರಿದ್ದಾರೆ ಎಂಬುದು ಬೇರೆ ಮಾತು.

ಮೂರನೆಯದು, ಹಂಚಿದ ಮೇಲೆ ಎಚ್ಚೆತ್ತು ಕಾಲಂ ಅಳಿಸುವುದು. ಗೂಗಲ್ ಶೀಟ್ ಹಳೆಯ ರೂಪಗಳನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ತಿದ್ದುವ ಅನುಮತಿಯಿದ್ದವನು 'ವರ್ಷನ್ ಹಿಸ್ಟರಿ'ಗೆ ಹೋದರೆ ಕಳೆದ ವಾರದ ಶೀಟ್ ಹಾಗೆಯೇ ಸಿಗುತ್ತದೆ.

ಆದುದರಿಂದ ದಾರಿ ಒಂದೇ. ಯಾರು ನೋಡಬಾರದೋ ಅವರಿಗೆ ಕೊಟ್ಟ ಫೈಲಿನಲ್ಲಿ ಆ ಮಾಹಿತಿ ಇರಲೇಬಾರದು. ಒಂದು ಫೈಲನ್ನು ಎರಡು ಮಾಡಬೇಕು. ಮೊದಲನೆಯದು ಗುಟ್ಟಿನ ಫೈಲು: ಕ್ರಮಸಂಖ್ಯೆ, ಹೆಸರು, ವಿಳಾಸ, ಫೋನು, ಖಾತೆ, ಷರಾ. ಎರಡನೆಯದು ಕೆಲಸದ ಫೈಲು: ಅದೇ ಕ್ರಮಸಂಖ್ಯೆ, ಮಂಜೂರಾದ ಮೊತ್ತ, ತಲುಪಿದ ದಿನ. ಈ ಎರಡನೆಯದನ್ನು ಹೊಸ ಖಾಲಿ ಫೈಲಿನಲ್ಲಿಯೇ ಆರಂಭಿಸಬೇಕು. ಹಳೆಯದರ ನಕಲು ತೆಗೆದರೆ ಮರೆಮಾಡಿದ ಹಾಳೆಗಳೂ ಜೊತೆಯಲ್ಲೇ ಬರುತ್ತವೆ. ಕ್ರಮಸಂಖ್ಯೆಯಾಗಿ ಮನೆ ನಂಬರು, ಹೆಸರಿನ ಮೊದಲಕ್ಷರ, ಫೋನಿನ ಕೊನೆಯ ಅಂಕಿಗಳನ್ನು ಬಳಸುವುದು ಬೇಡ. ಅವು ಕೂಡ ಹೆಸರುಗಳೇ.

ಕಂಪ್ಯೂಟರ್ ಬಲ್ಲವರು ಎರಡು ಫೈಲುಗಳನ್ನು 'ಇಂಪೋರ್ಟ್‌ರೇಂಜ್' ಸೂತ್ರದಿಂದ ಜೋಡಿಸಲು ಆಸೆಪಡುತ್ತಾರೆ. ಒಮ್ಮೆ ಜೋಡಿಸಿದರೆ ಕೆಲಸದ ಫೈಲನ್ನು ತಿದ್ದಬಲ್ಲ ಯಾರೇ ಆಗಲಿ ಸೂತ್ರವನ್ನು ಬದಲಿಸಿ ಗುಟ್ಟಿನ ಫೈಲಿನ ಯಾವ ಕಾಲಂ ಬೇಕಾದರೂ ಎಳೆದುಕೊಳ್ಳಬಹುದು. ನೂರು ಮನೆಗಳ ಪಟ್ಟಿಗೆ ಅಂಥ ಜಾಣ್ಮೆಯ ಅಗತ್ಯವಿಲ್ಲ, ಕೈಯಿಂದಲೇ ಬರೆಯಬಹುದು. ಎರಡೂ ಫೈಲುಗಳ ಶೇರ್ ಆಯ್ಕೆ 'ರಿಸ್ಟ್ರಿಕ್ಟೆಡ್' ಆಗಿರಲಿ. 'ಲಿಂಕ್ ಇರುವ ಯಾರಾದರೂ' ಎಂಬ ಆಯ್ಕೆಯೆಂದರೆ ಬಾಗಿಲು ತೆರೆದಿಟ್ಟು ವಿಳಾಸವನ್ನೂ ಹಂಚಿದಂತೆ. ತಿದ್ದುವವರು ಮತ್ತೊಬ್ಬರನ್ನು ಸೇರಿಸದಂತೆ ತಡೆಯುವ ಗುರುತನ್ನೂ ಅಲ್ಲಿಯೇ ಬದಲಿಸಬಹುದು.

ಹಂಚಲು ಹೋಗುವ ಹುಡುಗರಿಗೆ ಹೆಸರು, ಮನೆ ಬೇಕೇ ಬೇಕು. ನಿಜ. ಒಬ್ಬನಿಗೆ ಅಂದಿನ ಎಂಟು ಹತ್ತು ಮನೆಗಳ ಚೀಟಿ ಸಾಕು. ಏಕೆ ಕೊಡುತ್ತಿದ್ದೇವೆಂಬುದು ಅವನಿಗೆ ಬೇಡ. ಚೀಟಿ ಸಂಜೆ ಹಿಂದಿರುಗಬೇಕು.

ಹುದ್ದೆ ಬೇರೆ, ನೋಡುವ ಅಧಿಕಾರ ಬೇರೆ

ಗುಟ್ಟಿನ ಫೈಲು ಯಾರ ಬಳಿ ಇರಬೇಕು? ಇಲ್ಲಿಯೇ ಜಗಳ ಹುಟ್ಟುವುದು. ಅಧ್ಯಕ್ಷರಿಗೆ ಕೊಡದಿದ್ದರೆ ಅವಮಾನ, ದೊಡ್ಡ ಮೊತ್ತ ಕೊಟ್ಟವರಿಗೆ ತೋರಿಸದಿದ್ದರೆ ಅಪನಂಬಿಕೆ. ಹಝ್ರತ್ ಹುದೈಫಾ(ರ)ರ ಚರಿತ್ರೆ ಇದಕ್ಕೆ ಉತ್ತರ ನೀಡುತ್ತದೆ. ಬೇರೆ ಯಾರಿಗೂ ತಿಳಿಯದ ಗುಟ್ಟನ್ನು ಪ್ರವಾದಿವರ್ಯರು(ಸ) ಅವರಲ್ಲಿ ಇರಿಸಿದ್ದರು. ಕಪಟವಿಶ್ವಾಸಿಗಳು ಯಾರೆಂಬುದು ಅದರಲ್ಲಿತ್ತು. ಮುಂದೆ ಖಲೀಫರಾದ ಹಝ್ರತ್ ಉಮರ್(ರ)ರಿಗೂ ಆ ಹೆಸರುಗಳು ತಿಳಿದಿರಲಿಲ್ಲ. ಯಾರಾದರೂ ನಿಧನರಾದರೆ ಹುದೈಫಾ(ರ) ಜನಾಝಾ ನಮಾಝ್‌ಗೆ ಬರುತ್ತಾರೋ ಇಲ್ಲವೋ ಎಂದು ನೋಡಿ ಅವರು ತಾವೂ ನಿರ್ಧರಿಸುತ್ತಿದ್ದರೆಂದು ಚರಿತ್ರೆಗಾರರು ಬರೆದಿದ್ದಾರೆ. ವಿಶಾಲ ಸಾಮ್ರಾಜ್ಯದ ಆಡಳಿತ ಕೈಯಲ್ಲಿದ್ದವರು ಪಟ್ಟಿ ಕೊಡೆಂದು ಆಜ್ಞೆ ಮಾಡಲಿಲ್ಲ. ಅದರಿಂದ ಅವರ ಸ್ಥಾನ ಕುಗ್ಗಲೂ ಇಲ್ಲ.

ಸಮಿತಿಯಲ್ಲಿ ಇಬ್ಬರು ಸಾಕು. ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರಿರಲಿ ಎಂಬುದಕ್ಕೇ ಎರಡು. ವಿಧವೆಯರ, ವಿಚ್ಛೇದಿತೆಯರ ವಿವರಗಳನ್ನು ಒಬ್ಬ ಮಹಿಳೆಯೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ಉಳಿದವರು ಮೊಬೈಲಿನಿಂದ ಅನುಮತಿ ಕೋರಿಕೆ ಕಳುಹಿಸಿಯೇ ಕಳುಹಿಸುತ್ತಾರೆ. ಹಾಜಿ ಸಾಹೇಬರ ಕೋರಿಕೆ ಬಂದಾಗ ಖಜಾಂಚಿಯ ಬೆರಳು ನಡುಗುವುದು ಸಹಜ. ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ಇಬ್ಬರಿಗೂ ದಾರಿ ತೋರುತ್ತವೆ. ಪರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು. ಹಿಂದಿರುಗಿರಿ ಎಂದರೆ ಹಿಂದಿರುಗಬೇಕು, ಅದೇ ನಿಮಗೆ ಹೆಚ್ಚು ಪರಿಶುದ್ಧವಾದುದು ಎಂಬುದು ಅವುಗಳ ಸಾರ. ಅಂದರೆ ಇಲ್ಲವೆನ್ನುವುದು ಅಗೌರವವಲ್ಲ. ಇಲ್ಲವೆಂದಾಗ ಸಿಟ್ಟಾಗುವ ಹಕ್ಕು ಕೇಳಿದವನಿಗೂ ಇಲ್ಲ.

ಹಾಗಾದರೆ ಲೆಕ್ಕ ಮುಚ್ಚಿಟ್ಟಂತಾಗಲಿಲ್ಲವೇ? ಈ ಸಂಶಯಕ್ಕೆ ನ್ಯಾಯವಾದ ಕಾರಣವಿದೆ. ಗುಟ್ಟೆಂಬ ಹೆಸರಿನಲ್ಲಿ ಹಣ ನುಂಗುವವರೂ ಇರುತ್ತಾರೆ. ಆದರೆ ಹಣ ತೆರೆದಿರಬೇಕು, ಮುಖ ಮುಚ್ಚಿರಬೇಕು. ದಾನವನ್ನು ಬಹಿರಂಗವಾಗಿ ಕೊಡುವುದೂ ಒಳ್ಳೆಯದೆಂದ ಅಲ್‌ಬಕರದ 271ನೇ ಸೂಕ್ತವೇ ಬಡವರಿಗೆ ಗುಪ್ತವಾಗಿ ತಲುಪಿಸುವುದು ಹೆಚ್ಚು ಉತ್ತಮವೆನ್ನುತ್ತದೆ. ವಕ್ಫ್ ಸಂಸ್ಥೆಯ ಲೆಕ್ಕಪತ್ರವನ್ನು ಮುತವಲ್ಲಿಯು ಪ್ರತಿವರ್ಷ ಮಂಡಳಿಗೆ ಒಪ್ಪಿಸಬೇಕೆಂಬುದು 1995ರ ಕಾಯ್ದೆಯಲ್ಲೇ ಇದೆ. ಝಕಾತ್‌ನ ಲೆಕ್ಕವನ್ನೂ ಅದೇ ಶಿಸ್ತಿನಿಂದ ಜುಮುಅದ ನಂತರ ಓದಿ ಹೇಳಲಿ: ಬಂದದ್ದೆಷ್ಟು, ಹೋದದ್ದೆಷ್ಟು, ಎಷ್ಟು ಕುಟುಂಬಗಳಿಗೆ. ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿರುವ ಎಂಟು ವರ್ಗಗಳಂತೆ ಬಿಡಿಸಿ ಹೇಳಬಹುದು. ಆದರೆ ಸಾಲಗಾರರ ವರ್ಗದಲ್ಲಿ ಆ ವರ್ಷ ಒಬ್ಬನೇ ಇದ್ದರೆ ಆ ಮೊತ್ತವನ್ನು ಬೇರೊಂದು ವರ್ಗದ ಜೊತೆ ಕೂಡಿಸಿ ಓದಬೇಕು. ಇಲ್ಲವಾದರೆ ಮಸೀದಿಯ ಮೆಟ್ಟಿಲಿಳಿಯುವ ಮೊದಲೇ ಆತ ಯಾರೆಂದು ಚರ್ಚೆಯಾಗುತ್ತದೆ. ಹೆಸರುಗಳ ಸತ್ಯಾಸತ್ಯತೆಯನ್ನು ಸಮಿತಿ ನೇಮಿಸಿದ ಒಬ್ಬ ಪರಿಶೋಧಕರು ಖಜಾಂಚಿಯ ಮುಂದೆಯೇ ಕುಳಿತು ನೋಡಲಿ. ಬೇಕಾದ ನಾಲ್ಕು ಮನೆಗಳಿಗೆ ಹೋಗಿ ವಿಚಾರಿಸಲಿ. ಫೈಲನ್ನು ಮಾತ್ರ ಮನೆಗೆ ಒಯ್ಯದಿರಲಿ.

ಸಮಿತಿ ಬದಲಾದ ದಿನ ಮಸೀದಿಯ ಬೀಗದ ಕೈ, ರಶೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಹಸ್ತಾಂತರವಾಗುತ್ತವೆ. ಶೀಟಿನ ಅನುಮತಿಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಫೈಲು ಯಾರ ಖಾತೆಯಲ್ಲಿ ಸೃಷ್ಟಿಯಾಯಿತೋ ಅವರೇ ಅದರ ಒಡೆಯರು. ಅವರು ಊರು ಬಿಟ್ಟು ಮೈಸೂರಿಗೆ ಹೋದರೂ ಒಡೆತನ ಅವರಲ್ಲಿಯೇ ಉಳಿಯುತ್ತದೆ. ಆದುದರಿಂದ ಜಮಾಅತ್‌ನ ಹೆಸರಿನಲ್ಲೇ ಒಂದು ಖಾತೆ ತೆರೆದು ಅದರಲ್ಲಿ ಫೈಲು ಇಡುವುದು ಲೇಸು. ಅಧಿಕಾರ ಬಿಟ್ಟವರ ಹೆಸರುಗಳನ್ನು ಅಂದೇ ತೆಗೆದು, ಆ ಖಾತೆಯ ಪಾಸ್‌ವರ್ಡ್ ಬದಲಿಸಬೇಕು. ಹಿಂದಿನ ರಮಝಾನಿನಲ್ಲಿ ಮುದ್ರಿಸಿದ ಪ್ರತಿಗಳು ಯಾರ ಯಾರ ಮನೆಯಲ್ಲಿವೆ ಎಂದು ವಿಚಾರಿಸಿ ತರಿಸಿಕೊಳ್ಳಬೇಕು. ಮಕ್ಕಳ ಪುಸ್ತಕಗಳಿಗೆ ಅವು ರಟ್ಟು ಹೊದಿಕೆಯಾಗಿರುವ ಸಾಧ್ಯತೆಯೂ ಇದೆ.