ಹೊಸ ಕಾರಿನ ವಾರಂಟಿ, ಸರ್ವಿಸ್ ಮತ್ತು ಎಚ್ಚರಿಕೆ ದೀಪಗಳು: ವರ್ತಕರು ತಿಳಿದಿರಬೇಕಾದ ಅಂಶಗಳು

ಸರಕು ಕೊಳ್ಳುವಾಗ ಬೀಜಕದ ಪ್ರತಿಯೊಂದು ಸಾಲನ್ನೂ ತಾಳೆ ನೋಡುವ ನಮ್ಮ ವರ್ತಕ ಬಾಂಧವರು ಹಾಗೂ ಸಣ್ಣ ಉದ್ದಿಮೆದಾರರು, ಹತ್ತು ಹದಿನೈದು ಲಕ್ಷ ರೂಪಾಯಿ ತೆತ್ತು ಕಾರು ಕೊಂಡಾಗ ಮಾತ್ರ ಅದರೊಂದಿಗೆ ಬಂದ ವಾರಂಟಿ ಪುಸ್ತಿಕೆಯನ್ನು ಓದದೆ ಕಾರಿನ ಖಾನೆಯಲ್ಲಿ ಇಟ್ಟುಬಿಡುವುದು ಸಾಮಾನ್ಯವಾಗಿದೆ. ಆ ಪುಸ್ತಿಕೆ ನೆನಪಾಗುವುದು ಕಾರು ಹೆದ್ದಾರಿಯಲ್ಲಿ ನಿಂತಾಗ. ಆ ವೇಳೆಗೆ ಹಲವು ಹಕ್ಕುಗಳು ಕೈತಪ್ಪಿ ಹೋಗಿರುತ್ತವೆ.

ವಾರಂಟಿ ಉಡುಗೊರೆಯಲ್ಲ, ಷರತ್ತುಬದ್ಧವಾದ ಕರಾರು. ಸರ್ವಿಸ್ ದಾಖಲೆಗಳು ಆ ಷರತ್ತುಗಳನ್ನು ಪಾಲಿಸಿದ್ದಕ್ಕೆ ಪುರಾವೆ. ಡ್ಯಾಷ್‌ಬೋರ್ಡಿನ ಎಚ್ಚರಿಕೆ ದೀಪವೋ, ದೋಷ ತಲೆದೋರಿದೆ ಎಂದು ಮಾಲೀಕನಿಗೆ ಬರುವ ಮೊದಲ ನೋಟೀಸು. ಈ ಮೂರನ್ನೂ ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ಅರ್ಥ ಮಾಡಿಕೊಳ್ಳಬೇಕೆಂಬುದೇ ಪ್ರಸ್ತುತ ಲೇಖನದ ಉದ್ದೇಶ.

1. ವಾರಂಟಿ ಎಂದರೇನು?

1930ರ ಸರಕು ಮಾರಾಟ ಕಾಯಿದೆಯ 12ನೇ ಕಲಮು ಮಾರಾಟದ ಕರಾರಿನಲ್ಲಿನ ನಿಬಂಧನೆಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಕರಾರಿನ ಮುಖ್ಯ ಉದ್ದೇಶಕ್ಕೇ ಅತ್ಯಗತ್ಯವಾದುದು 'ಷರತ್ತು'. ಅದು ಭಂಗವಾದರೆ ಸರಕನ್ನು ತಿರಸ್ಕರಿಸಬಹುದು. ಮುಖ್ಯ ಉದ್ದೇಶಕ್ಕೆ ಪೂರಕವಾದುದು 'ವಾರಂಟಿ'. ಅದು ಭಂಗವಾದರೆ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ಹಿಂದಿರುಗಿಸುವ ಹಕ್ಕು ದೊರೆಯುವುದಿಲ್ಲ.

ಕಾರಿನ ಜೊತೆ ತಯಾರಕರು ಕೊಡುವ ವಾರಂಟಿಯ ಮಾತುಗಳನ್ನು ಗಮನವಿಟ್ಟು ಓದಿದರೆ, ದೋಷಯುಕ್ತ ಭಾಗವನ್ನು ದುರಸ್ತಿ ಮಾಡುವುದು ಅಥವಾ ಬದಲಾಯಿಸುವುದು ಎಂಬಷ್ಟಕ್ಕೇ ಅದು ಸೀಮಿತವಾಗಿರುವುದು ಕಂಡುಬರುತ್ತದೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕಾರೊಂದರ ಪ್ರಕರಣದಲ್ಲಿ, ವಾರಂಟಿಯ ಕರಾರು ದೋಷಯುಕ್ತ ಭಾಗದ ಬದಲಾವಣೆಗೆ ಸಂಬಂಧಿಸಿದ್ದೇ ಹೊರತು ಇಡೀ ವಾಹನದ ಬದಲಾವಣೆಗಲ್ಲ ಎಂದು ಸ್ಪಷ್ಟಪಡಿಸಿತು. 'ಹೊಸ ಕಾರು ಕೊಡಿ' ಎಂದು ಪಟ್ಟು ಹಿಡಿಯುವ ಮೊದಲು ಈ ಮಿತಿಯನ್ನು ಅರಿತಿರುವುದು ಒಳಿತು.

2. ಅವಧಿಯ ಲೆಕ್ಕ

ಇಂದು ಹಲವು ತಯಾರಕರು 3 ವರ್ಷ ಅಥವಾ 1,00,000 ಕಿ.ಮೀ. ವಾರಂಟಿ ನೀಡುತ್ತಾರೆ. ಇಲ್ಲಿ 'ಯಾವುದು ಮೊದಲೋ ಅದು' ಎಂಬ ಮಾತೇ ಮುಖ್ಯ. ಸಾಮಾನ್ಯವಾಗಿ ಈ ಅವಧಿ ಕಾರು ನಮ್ಮ ವಶಕ್ಕೆ ಬಂದ ದಿನದಿಂದ ಆರಂಭವಾಗುತ್ತದೆ.

ಉದಾಹರಣೆಗೆ, ಊರೂರು ಸುತ್ತಿ ಬಾಕಿ ವಸೂಲಿ ಮಾಡುವ ವರ್ತಕರೊಬ್ಬರ ಕಾರು ತಿಂಗಳಿಗೆ 4,000 ಕಿ.ಮೀ. ಓಡುತ್ತದೆ ಎನ್ನೋಣ. ಅವರ 3 ವರ್ಷಗಳ ವಾರಂಟಿ 25 ತಿಂಗಳಿಗೇ ಮುಗಿಯುತ್ತದೆ. ತಿಂಗಳಿಗೆ 800 ಕಿ.ಮೀ. ಮಾತ್ರ ಓಡಿಸುವವರ ಕಾರು 36 ತಿಂಗಳಲ್ಲಿ ಕ್ರಮಿಸುವುದು 28,800 ಕಿ.ಮೀ. ಮಾತ್ರ; ಅವರಿಗೆ ಪೂರ್ಣ ಅವಧಿ ದೊರೆಯುತ್ತದೆ.

ಇವರಿಬ್ಬರೂ 5 ವರ್ಷ ಅಥವಾ 1,40,000 ಕಿ.ಮೀ.ವರೆಗಿನ ವಿಸ್ತೃತ ವಾರಂಟಿಯನ್ನು ಒಂದೇ ಬೆಲೆಗೆ ಕೊಂಡರೆಂದು ಭಾವಿಸಿ. ಮೊದಲನೆಯವರಿಗೆ ಹೆಚ್ಚುವರಿಯಾಗಿ ದೊರೆಯುವುದು 10 ತಿಂಗಳು ಅಥವಾ 40,000 ಕಿ.ಮೀ. ಓಟದ ರಕ್ಷಣೆ. ಎರಡನೆಯವರಿಗೆ ದೊರೆಯುವುದು 24 ತಿಂಗಳು, ಆದರೆ 19,200 ಕಿ.ಮೀ. ಮಾತ್ರ. 'ಐದು ವರ್ಷ' ಎಂಬ ಜಾಹೀರಾತಿನ ಮಾತು ಒಂದೇ ಆದರೂ ಇಬ್ಬರೂ ಕೊಂಡ ಸರಕು ಒಂದೇ ಅಲ್ಲ. ವಿಸ್ತೃತ ವಾರಂಟಿ ಕೊಳ್ಳುವ ಮೊದಲು ತಮ್ಮ ತಿಂಗಳ ಓಟವನ್ನು ಇದೇ ರೀತಿ ಲೆಕ್ಕ ಹಾಕಿ ನೋಡತಕ್ಕದ್ದು. ಅದನ್ನು ನೀಡುವವರು ಕಾರಿನ ತಯಾರಕರೇ ಅಥವಾ ಬೇರೊಂದು ಸಂಸ್ಥೆಯೇ ಎಂಬುದನ್ನೂ ವಿಚಾರಿಸಿ ತಿಳಿಯಬೇಕು.

3. ಒಳಗೊಂಡಿರುವುದು ಮತ್ತು ಹೊರಗುಳಿಯುವುದು

ವಸ್ತುವಿನ ಅಥವಾ ತಯಾರಿಕೆಯ ದೋಷ ಮಾತ್ರ ವಾರಂಟಿಯ ವ್ಯಾಪ್ತಿಗೆ ಬರುತ್ತದೆ. ಬಳಕೆಯಿಂದ ಸವೆಯುವ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಫಿಲ್ಟರ್, ಆಯಿಲ್ ಮುಂತಾದವು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಟೈರು ಹಾಗೂ ಬ್ಯಾಟರಿಗಳಿಗೆ ಬಹುತೇಕ ಅವುಗಳ ತಯಾರಕರದೇ ಪ್ರತ್ಯೇಕ ವಾರಂಟಿ ಇರುತ್ತದೆ. ಅವುಗಳ ಕಾರ್ಡುಗಳನ್ನು ಬೇರೆಯಾಗಿ ಕಾಪಾಡಿಕೊಳ್ಳಬೇಕು. ವಿದ್ಯುತ್ ಕಾರುಗಳಲ್ಲಿ ಚಾಲನಾ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ನೀಡುವುದು ವಾಡಿಕೆಯಲ್ಲಿದೆ.

ಕಲಬೆರಕೆ ಇಂಧನ, ಅಪಘಾತ, ಹೊರಗಿನ ಅಂಗಡಿಯಲ್ಲಿ ವೈರು ಕತ್ತರಿಸಿ ಅಳವಡಿಸಿದ ದೀಪ ಅಥವಾ ಧ್ವನಿ ಉಪಕರಣ, ನಿಗದಿತ ಸರ್ವಿಸ್ ತಪ್ಪಿಸಿದ್ದು, ಇವುಗಳಿಂದ ಉಂಟಾದ ಹಾನಿಯೂ ವ್ಯಾಪ್ತಿಯಿಂದ ಹೊರಗೆ. ಬಾಡಿಗೆ ವಾಹನವಾಗಿ ಬಳಸಿದರೆ ವಾರಂಟಿಯ ಅವಧಿಯೇ ಬೇರೆ ಇರಬಹುದು.

ವಿಮೆಯೂ ವಾರಂಟಿಯೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ ಎಂಬ ಭಾವನೆ ಪೂರ್ಣ ಸತ್ಯವಲ್ಲ. ಸಾಮಾನ್ಯ ಕಾರು ವಿಮೆಯಲ್ಲಿ ಯಾಂತ್ರಿಕ ಹಾಗೂ ವಿದ್ಯುತ್ ವೈಫಲ್ಯ, ಸವೆತ ಮತ್ತು ಪರಿಣಾಮಜನ್ಯ ನಷ್ಟಕ್ಕೆ ಪರಿಹಾರವಿಲ್ಲ. ಮಳೆಗಾಲದಲ್ಲಿ ಕೆಳಸೇತುವೆಯ ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಚಾಲೂ ಮಾಡಲು ಯತ್ನಿಸಿದರೆ ನೀರು ಸಿಲಿಂಡರಿಗೆ ಸೇರಿ ಎಂಜಿನ್ ಒಡೆಯಬಹುದು. ಇದು ತಯಾರಿಕಾ ದೋಷವಲ್ಲವಾದ್ದರಿಂದ ವಾರಂಟಿ ಇಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಮಾಡಿಸಿರದಿದ್ದರೆ ವಿಮಾ ಪರಿಹಾರ ದೊರೆಯುವುದೂ ಕಷ್ಟ.

4. ಉಚಿತ ಸರ್ವಿಸ್ ಮತ್ತು ಜಾಬ್ ಕಾರ್ಡ್

ಉಚಿತ ಸರ್ವಿಸ್‌ನಲ್ಲಿ ಉಚಿತವಾಗಿರುವುದು ಸಾಮಾನ್ಯವಾಗಿ ಕೂಲಿ ಮಾತ್ರ. ಆಯಿಲ್, ಫಿಲ್ಟರ್ ಮೊದಲಾದವುಗಳ ಬೆಲೆಯನ್ನು ಮಾಲೀಕರೇ ಕೊಡಬೇಕು. ಉಚಿತ ಸರ್ವಿಸ್‌ಗಳು ಮುಗಿದ ನಂತರವೂ ನಿಗದಿತ ತಿಂಗಳು ಅಥವಾ ಕಿಲೋಮೀಟರಿಗೆ ಹಣ ಕೊಟ್ಟು ಸರ್ವಿಸ್ ಮಾಡಿಸುವುದು ವಾರಂಟಿ ಊರ್ಜಿತವಾಗಿರಲು ಅಗತ್ಯ. ಕಾರು ಕಡಿಮೆ ಓಡಿದೆ ಎಂದು ವರ್ಷ ದಾಟಿಸುವುದು ಸಲ್ಲದು.

ಜಾಬ್ ಕಾರ್ಡನ್ನು ನಮ್ಮ ಪುಸ್ತಕಗಳ ವೋಚರಿನಂತೆಯೇ ಭಾವಿಸಬೇಕು. ಅದರಲ್ಲಿ ದಿನಾಂಕ, ಕಿಲೋಮೀಟರ್ ಓಟ ಹಾಗೂ ನಮ್ಮ ದೂರು ನಾವು ಹೇಳಿದ ಮಾತಿನಲ್ಲೇ ದಾಖಲಾಗಿರಲಿ. 'ಸಾಮಾನ್ಯ ತಪಾಸಣೆ' ಎಂದು ಬರೆದುಕೊಂಡರೆ ದೂರಿನ ಪುರಾವೆ ಉಳಿಯುವುದಿಲ್ಲ. 'ದೋಷ ಕಂಡುಬಂದಿಲ್ಲ' ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರೆದುಕೊಡುವಂತೆ ಕೇಳಿ. ಒಂದೇ ದೂರು ಮೂರು ಜಾಬ್ ಕಾರ್ಡುಗಳಲ್ಲಿ ಕಾಣಿಸಿಕೊಂಡರೆ, ದೋಷ ವಾರಂಟಿ ಅವಧಿಯೊಳಗೇ ಆರಂಭವಾಯಿತೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

5. ಎಚ್ಚರಿಕೆ ದೀಪಗಳ ಭಾಷೆ

ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿದಾಗ ಬಹುತೇಕ ಎಚ್ಚರಿಕೆ ದೀಪಗಳು ಬೆಳಗಿ, ಎಂಜಿನ್ ಚಾಲೂ ಆದ ನಂತರ ಆರಬೇಕು. ಆರದಿದ್ದರೆ ದೋಷವಿದೆ, ಬೆಳಗಬೇಕಾದುದು ಬೆಳಗದಿದ್ದರೂ ದೋಷವಿದೆ. ಕೆಂಪು ಎಂದರೆ ನಿಲ್ಲಿಸಿ, ಹಳದಿ ಎಂದರೆ ಬೇಗನೆ ತೋರಿಸಿ, ಹಸಿರು ಹಾಗೂ ನೀಲಿ ಎಂದರೆ ಮಾಹಿತಿ ಮಾತ್ರ, ಎಂಬುದು ಸಾಮಾನ್ಯ ನಿಯಮ.

(ಅ) ಕೆಂಪು ಆಯಿಲ್ ಕ್ಯಾನ್: ಎಂಜಿನ್ ಆಯಿಲಿನ ಒತ್ತಡ ಕುಸಿದಿದೆ. ಸುರಕ್ಷಿತ ಸ್ಥಳದಲ್ಲಿ ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಬೇಕು.

(ಆ) ಕೆಂಪು ಉಷ್ಣಮಾಪಕ: ಎಂಜಿನ್ ಮಿತಿಮೀರಿ ಬಿಸಿಯಾಗಿದೆ. ಕಾರು ನಿಲ್ಲಿಸಿ, ತಣ್ಣಗಾಗುವ ಮೊದಲು ರೇಡಿಯೇಟರಿನ ಮುಚ್ಚಳ ತೆರೆಯಕೂಡದು.

(ಇ) ಕೆಂಪು ಬ್ಯಾಟರಿ: ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಆಲ್ಟರ್ನೇಟರ್ ಅಥವಾ ಅದರ ಬೆಲ್ಟಿನ ದೋಷವಿರಬಹುದು.

(ಈ) ಕೆಂಪು ಬ್ರೇಕ್ ಚಿಹ್ನೆ: ಕೈಬ್ರೇಕ್ ಬಿಟ್ಟ ಮೇಲೂ ಬೆಳಗುತ್ತಿದ್ದರೆ ಬ್ರೇಕ್ ದ್ರವ ಕಡಿಮೆಯಾಗಿರಬಹುದು. ಮುಂದುವರಿಯುವುದು ಅಪಾಯಕರ.

(ಉ) ಹಳದಿ ಎಂಜಿನ್ ಚಿಹ್ನೆ: ಎಂಜಿನ್ ಅಥವಾ ಹೊಗೆ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷ. ಸ್ಥಿರವಾಗಿ ಬೆಳಗಿದರೆ ಬೇಗನೆ ತೋರಿಸಬೇಕು. ಮಿನುಗುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವ ಸಂಭವವಿರುವುದರಿಂದ ವೇಗ ತಗ್ಗಿಸಿ ನಿಲ್ಲಿಸುವುದು ಕ್ಷೇಮ.

(ಊ) ಎ.ಬಿ.ಎಸ್. ಮತ್ತು ಏರ್‌ಬ್ಯಾಗ್ ದೀಪ: ಎ.ಬಿ.ಎಸ್. ದೀಪ ಮಾತ್ರ ಬೆಳಗಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಚಕ್ರಗಳು ಲಾಕ್ ಆಗದಂತೆ ತಡೆಯುವ ರಕ್ಷಣೆ ಇರುವುದಿಲ್ಲ. ಏರ್‌ಬ್ಯಾಗ್ ದೀಪ ಆರದಿದ್ದರೆ ಅಪಘಾತದಲ್ಲಿ ಅದು ತೆರೆದುಕೊಳ್ಳದಿರಬಹುದು.

ಇಂದಿನ ಕಾರುಗಳ ಕಂಪ್ಯೂಟರ್ ಹಲವು ದೋಷಗಳನ್ನು ಸಂಕೇತ ಸಂಖ್ಯೆಯ ರೂಪದಲ್ಲಿ ದಾಖಲಿಸಿಕೊಳ್ಳುತ್ತದೆ. ದಾರಿಬದಿಯ ಮೆಕ್ಯಾನಿಕ್ ಆ ಸಂಕೇತವನ್ನು ಅಳಿಸಿ ದೀಪ ಆರಿಸಿದರೆ ದೋಷ ನಿವಾರಣೆಯಾದಂತಲ್ಲ. ಸಾಕ್ಷ್ಯ ಮಾತ್ರ ಅಳಿಸಿದಂತೆ.

6. ಒಂದೇ ದೀಪ, ಎರಡು ಲೆಕ್ಕ

ದಾವಣಗೆರೆಯ ಕಾಳುಕಡಿ ವರ್ತಕರೊಬ್ಬರ ಕಾರು 18 ತಿಂಗಳಲ್ಲಿ 32,000 ಕಿ.ಮೀ. ಓಡಿದೆ, ಎಲ್ಲ ಸರ್ವಿಸ್‌ಗಳೂ ಆಗಿವೆ ಎಂದು ಊಹಿಸೋಣ. ಬೆಂಗಳೂರಿಗೆ ಬರುವಾಗ ಶಿರಾ ದಾಟಿದ ಮೇಲೆ ಕೆಂಪು ಆಯಿಲ್ ದೀಪ ಬೆಳಗುತ್ತದೆ. ಕಾರಣ, ತಯಾರಿಕಾ ದೋಷದಿಂದ ಸೀಲೊಂದು ಸೋರಿ ಆಯಿಲ್ ಬರಿದಾಗಿದೆ. ತುಮಕೂರು ತಲುಪಿ ತೋರಿಸಿದರಾಯಿತೆಂದು ಚಾಲಕ ಮುಂದುವರಿಯುತ್ತಾನೆ; ದಾರಿಯಲ್ಲೇ ಎಂಜಿನ್ ಜಾಮ್ ಆಗುತ್ತದೆ. ಸೀಲಿನ ದೋಷವನ್ನು ಒಪ್ಪಿ ಬದಲಾಯಿಸಿದರೂ, ಎಚ್ಚರಿಕೆ ಬಂದ ಮೇಲೂ ಓಡಿಸಿದ್ದರಿಂದಾದ ಎಂಜಿನ್ ಹಾನಿಗೆ ತಾವು ಹೊಣೆಯಲ್ಲ ಎಂದು ಹೇಳಲು ತಯಾರಕರಿಗೆ ಆಧಾರ ಸಿಗುತ್ತದೆ. ಯಾಂತ್ರಿಕ ವೈಫಲ್ಯವೆಂದು ವಿಮಾ ಸಂಸ್ಥೆಯೂ ಕೈಬಿಡುತ್ತದೆ. ಲಕ್ಷ ದಾಟುವ ವೆಚ್ಚ ಮಾಲೀಕರ ಹೆಗಲಿಗೇ ಬೀಳುತ್ತದೆ.

ಅದೇ ಚಾಲಕ ಕೂಡಲೇ ನಿಲ್ಲಿಸಿ, ಡ್ಯಾಷ್‌ಬೋರ್ಡಿನ ಛಾಯಾಚಿತ್ರ ತೆಗೆದು, ಸಹಾಯವಾಣಿಗೆ ಕರೆ ಮಾಡಿ ಕಾರನ್ನು ಎಳೆಸಿಕೊಂಡು ಹೋಗಿದ್ದರೆ ಕೆಲಸ ಸೀಲಿನ ಬದಲಾವಣೆಯಲ್ಲಿ ಮುಗಿಯುತ್ತಿತ್ತು, ಅದೂ ವಾರಂಟಿಯಲ್ಲಿ. ನಮ್ಮಲ್ಲಿ ಅನೇಕರ ಕಾರುಗಳನ್ನು ಓಡಿಸುವವರು ಚಾಲಕರು. ದೀಪ ಕಂಡದ್ದನ್ನು ಹೇಳಿದರೆ ಬೈಗುಳ, ತಡವಾಗಿ ಬಂದರೆ ಸಂಬಳ ಕಡಿತ ಎಂಬ ಪರಿಸ್ಥಿತಿಯಿದ್ದರೆ ಅವರು ಮೌನವಾಗಿರುತ್ತಾರೆ. ಕೆಂಪು ದೀಪ ಕಂಡರೆ ನಿಲ್ಲಿಸುವ ಅಧಿಕಾರವನ್ನು ಚಾಲಕರಿಗೆ ಮಾಲೀಕರು ಮೊದಲೇ ಸ್ಪಷ್ಟವಾಗಿ ಕೊಟ್ಟಿರಬೇಕು.

7. ತೆರಿಗೆ ಮತ್ತು ಲೆಕ್ಕಪತ್ರ

ಚಾಲಕರೂ ಸೇರಿ 13 ಆಸನಗಳಿಗೆ ಮೀರದ ಪ್ರಯಾಣಿಕ ವಾಹನದ ಖರೀದಿ, ದುರಸ್ತಿ, ನಿರ್ವಹಣೆ ಹಾಗೂ ವಿಮೆಯ ಮೇಲೆ ತೆತ್ತ ಜಿ.ಎಸ್.ಟಿ.ಗೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಯಂತಹ ವ್ಯವಹಾರಗಳನ್ನು ಬಿಟ್ಟರೆ, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಸರ್ವಿಸ್ ವೆಚ್ಚವನ್ನು ತೆರಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ವಾರಂಟಿಯಲ್ಲಿ ಉಚಿತವಾಗಿ ಬದಲಾಯಿಸಿದ ಭಾಗಕ್ಕೆ ಗ್ರಾಹಕರಿಂದ ಪ್ರತಿಫಲ ಪಡೆಯದಿದ್ದಲ್ಲಿ ಜಿ.ಎಸ್.ಟಿ. ವಿಧಿಸುವಂತಿಲ್ಲ ಎಂದು ಕೇಂದ್ರ ಮಂಡಳಿಯು 2023ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಉಚಿತ ದುರಸ್ತಿಯ ಬಿಲ್ಲಿನಲ್ಲಿ ತೆರಿಗೆ ಕಂಡುಬಂದರೆ ಪ್ರಶ್ನಿಸಿ. ಪ್ರತ್ಯೇಕವಾಗಿ ಕೊಂಡ ಹಲವು ವರ್ಷಗಳ ವಿಸ್ತೃತ ವಾರಂಟಿಯ ಮೊತ್ತವನ್ನು ಒಂದೇ ವರ್ಷದ ಖರ್ಚಿಗೆ ಬರೆಯದೆ, ಮುಂಗಡ ವೆಚ್ಚವೆಂದು ತೋರಿಸಿ ಸಂಬಂಧಿಸಿದ ವರ್ಷಗಳಿಗೆ ಹಂಚುವುದು ಸರಿಯಾದ ಕ್ರಮ.

8. ವಿವಾದ ಉಂಟಾದಲ್ಲಿ

2019ರ ಗ್ರಾಹಕ ರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರನ್ನು 'ಗ್ರಾಹಕ' ಎಂದು ಪರಿಗಣಿಸುವುದಿಲ್ಲ. ಸ್ವಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಬಳಸುವವರಿಗೆ ವಿನಾಯಿತಿ ಇದೆ. ಕಂಪನಿಯ ಹೆಸರಿನಲ್ಲಿ ಕೊಂಡ ಕಾರಿಗೆ ದೂರು ಸಲ್ಲದೆಂಬ ವಾದ ಇದರಿಂದಲೇ ಹುಟ್ಟುತ್ತಿತ್ತು. 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು, ನಿರ್ದೇಶಕರ ಬಳಕೆಗಾಗಿ ಕಂಪನಿಯು ಕೊಂಡ ಕಾರನ್ನು ವಾಣಿಜ್ಯ ಉದ್ದೇಶದ ಖರೀದಿ ಎನ್ನಲಾಗದು ಎಂಬ ನಿಲುವನ್ನು ಎತ್ತಿಹಿಡಿದಿದೆ. ಕಾರು ಯಾರ ಬಳಕೆಗೆಂದು ಕೊಂಡದ್ದು ಎಂಬುದಕ್ಕೆ ದಾಖಲೆ ಇರಿಸಿಕೊಳ್ಳುವುದು ಇದರಿಂದ ಬರುವ ಪಾಠ.

ತೆತ್ತ ಬೆಲೆ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲೇ ಸಲ್ಲಿಸಲು ಈಗ ಅವಕಾಶವಿದೆ. ಇದಲ್ಲದೆ ದೋಷಯುಕ್ತ ವಾಹನಗಳನ್ನು ಹಿಂಪಡೆಯುವ ವ್ಯವಸ್ಥೆಗೆ 2019ರ ಮೋಟಾರು ವಾಹನ (ತಿದ್ದುಪಡಿ) ಕಾಯಿದೆ ಕಾನೂನಿನ ಬಲ ನೀಡಿದ್ದು, ಸಂಬಂಧಿಸಿದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಈ ಸೂಚನೆ ತಲುಪಬೇಕಾದರೆ ಮಾರಾಟಗಾರರ ಬಳಿ ನಮ್ಮ ವಿಳಾಸ ಹಾಗೂ ದೂರವಾಣಿ ಸಂಖ್ಯೆ ಸರಿಯಾಗಿರಬೇಕು.

9. ಮಾಡಬೇಕಾದ ಕೆಲಸ

ಕಾರಿಗೊಂದು ಪ್ರತ್ಯೇಕ ಕಡತ ತೆರೆಯಿರಿ. ಬೀಜಕ, ವಾರಂಟಿ ಪುಸ್ತಿಕೆಯ ಪ್ರತಿ, ಟೈರು ಮತ್ತು ಬ್ಯಾಟರಿ ಕಾರ್ಡು, ವಿಮೆ, ಪ್ರತಿ ಜಾಬ್ ಕಾರ್ಡು ಹಾಗೂ ಬಿಲ್ಲು ದಿನಾಂಕದ ಕ್ರಮದಲ್ಲಿ ಅದರಲ್ಲಿರಲಿ. ಮುಂದಿನ ಸರ್ವಿಸ್‌ನ ದಿನಾಂಕ ಮತ್ತು ಕಿಲೋಮೀಟರನ್ನು ಕಡತದ ಮೇಲೆಯೇ ಬರೆಯಿರಿ. ವಾರಂಟಿ ಮುಗಿಯುವ ಒಂದು ತಿಂಗಳು ಮೊದಲು ಪೂರ್ಣ ತಪಾಸಣೆ ಮಾಡಿಸಿ, ಉಳಿದ ದೂರುಗಳನ್ನೆಲ್ಲ ಲಿಖಿತವಾಗಿ ದಾಖಲಿಸಿ. ಚಾಲಕರಿಗೆ ಕೆಂಪು ಮತ್ತು ಹಳದಿ ದೀಪಗಳ ಅರ್ಥವನ್ನು ಕಾರಿನ ಬಳಿಯೇ ನಿಂತು ತಿಳಿಸಿ. ಈ ಕೆಲಸಕ್ಕೆ ತಗಲುವುದು ಒಂದು ಭಾನುವಾರದ ಬೆಳಗು. ಉಳಿಯುವುದು ಒಂದು ಎಂಜಿನ್ನಿನ ಬೆಲೆ.